ಇಬ್ಬರಿಗೂ ಒಂದೇ ಹೆಸರು

ಭಾಗಮ್ಮತ್ತೆಗೆ ನಿಂತು ಫೋನಿನಲ್ಲಿ ಮಾತಾಡಲು ಬರುತ್ತಿರಲಿಲ್ಲ. ಕರೆ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆಯತೊಡಗುವಳು. ದೋರನಹಳ್ಳಿಯ ಮನೆಯಲ್ಲಿ ಶುರುವಾದ ಮಾತು ಮುಗಿಯುವುದು ಕಾಲುವೆಯ ದಂಡೆಯ ಮೇಲೆ. ಯಾದಗಿರಿಯಲ್ಲಿ ಕುಳಿತ ನನಗೆ ಅವಳ ಏದುಸಿರು, ನೀರಿನ ಸದ್ದು, ಎದುರು ಸಿಕ್ಕವರನ್ನು ವಿಚಾರಿಸುವುದು ಎಲ್ಲವೂ ಒಟ್ಟಿಗೇ ಕೇಳುತ್ತಿತ್ತು.

ಅವಳು ನನ್ನಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು, ಇಬ್ಬರು ತಮ್ಮಂದಿರ ಮನೆಗಳ ನಡುವಿನ ಕೋಣೆಯಲ್ಲಿ ಇದ್ದಳು. ಬೆಳಗಿನ ರೊಟ್ಟಿ ನಮ್ಮಲ್ಲಿ, ಸಂಜೆಯ ಊಟ ಕಾಕಾನ ಮನೆಯಲ್ಲಿ. ಕಾಲುವೆ ನೀರನ್ನು ಹೊಲಕ್ಕೆ ಯಾರು ಮೊದಲು ಹಾಯಿಸಬೇಕೆಂಬ ಜಗಳದಲ್ಲಿ ಅಪ್ಪನೂ ಕಾಕಾನೂ ಮಾತು ಬಿಟ್ಟಿದ್ದರು. ಅವರಿಬ್ಬರು ಮತ್ತೆ ಮಾತಾಡಬೇಕು ಎನ್ನುವುದೊಂದೇ ಅತ್ತೆಯ ಚಿಂತೆ. ಆ ಚಿಂತೆ ಅವಳನ್ನು ಕೂತಲ್ಲಿ ಕೂಡಲು ಬಿಡುತ್ತಿರಲಿಲ್ಲ.

ಮನೆಯವರೆಲ್ಲರ ಫೋನಿಗೂ ಒಂದೇ ಇಮೇಲ್ ಖಾತೆ ಹಾಕಿಕೊಟ್ಟವನು ನಾನು. ಒಬ್ಬರು ನಂಬರು ಬರೆದುಕೊಂಡರೆ ಎಲ್ಲರ ಫೋನಿನಲ್ಲೂ ಬರುತ್ತದೆ ಎಂದು ತಿಳಿದಾಗ ಅತ್ತೆ ಹಿಗ್ಗಿ ಹೀರೇಕಾಯಿಯಾದಳು.

"ಹಂಗಾದ್ರ ನಾ ಬರ್ದಿದ್ದು ಇಬ್ಬರ ಫೋನಿನ್ಯಾಗೂ ಕಾಣ್ತದನು?"

ಅಂದಿನಿಂದ ಆ ನಂಬರುಗಳ ಉಸ್ತುವಾರಿ ಅವಳದೇ. ನಮ್ಮ ಬಳಗಕ್ಕೋ ಸಿಮ್ ಬದಲಿಸುವ ಚಟ. ಒಬ್ಬೊಬ್ಬರಿಗೂ ಕರೆ ಮಾಡಿ, "ನಂಬರ ಇದ ಅದನೋ, ಮತ್ತ ಬದ್ಲಿ ಮಾಡೀಯೋ?" ಎಂದು ಗದರುವಳು. ಅವಳ ಕಾಟ ತಾಳಲಾರದೆ ಸುರಪುರದ ಬೀಗರು ಹಳೆಯ ಸಿಮ್ಮನ್ನೇ ಗಟ್ಟಿಯಾಗಿ ಹಿಡಿದು ಕೂತರು.

ಒಮ್ಮೆ ಕಾಕಾ ಸಿಟ್ಟಿಗೆದ್ದು ತನ್ನ ಫೋನಿನಲ್ಲಿ ಅಪ್ಪನ ಹೆಸರು ತೆಗೆದು 'ನೀರುಗಳ್ಳ' ಎಂದು ಬರೆದ. ಸ್ವಲ್ಪ ಹೊತ್ತಿಗೆ ಅದು ಎಲ್ಲರ ಫೋನಿಗೂ ಹೋಯಿತು. ಅಪ್ಪ ಮನೆಗೆ ಕರೆ ಮಾಡಿದರೆ ಅವ್ವನ ಕೈಯಲ್ಲಿ 'ನೀರುಗಳ್ಳ' ರಿಂಗಾಗುತ್ತಿದ್ದ! ಅಪ್ಪ ಉರಿದುಬಿದ್ದ. ಖಾತೆಗಳನ್ನು ಬೇರೆ ಮಾಡಿಬಿಡೋಣ ಎಂದೆ ನಾನು.

"ಹೊಲ ಬ್ಯಾರಿ ಆದ್ವು, ಒಲಿ ಬ್ಯಾರಿ ಆದ್ವು. ಇದೊಂದಾದ್ರೂ ಕೂಡಿ ಇರ್ಲಿ ಬಿಡೋ," ಎಂದಳು ಅತ್ತೆ. ನಾನು ಖಾತೆಯನ್ನು ಹಾಗೆಯೇ ಬಿಟ್ಟೆ.

ಅವಳೇ ಒಂದು ದಾರಿ ಹುಡುಕಿದಳು. ಇಬ್ಬರ ನಂಬರುಗಳನ್ನೂ 'ತಮ್ಮ' ಎಂಬ ಒಂದೇ ಹೆಸರಿನ ಕೆಳಗೆ ಹಾಕಿಸಿದಳು. ಅಪ್ಪ ಹಟ ಬಿಡದೆ ಆ ಹೆಸರನ್ನೇ ಅಳಿಸಿದ. ಕಾಕಾನ ನಂಬರಿನ ಜೊತೆ ಅಪ್ಪನದೂ ಎಲ್ಲರ ಫೋನಿನಿಂದ ಮಾಯವಾಯಿತು. ಅತ್ತೆ ಬಂದು ಬಾಗಿಲಲ್ಲೇ ನಿಂತು ಕೂಗಿದಳು: "ಅವನ್ನ ಅಳಸಾಕ ಹೋದ್ರ ನೀನೂ ಹೋಗ್ತಿ, ಕಾಣವಲ್ದೇನು ನಿನಗ?" ಮತ್ತೆ ಬರೆದಳು. ಆಮೇಲೆ ಅಪ್ಪ ಅದರ ತಂಟೆಗೆ ಹೋಗಲಿಲ್ಲ. ಆದರೆ ತಮ್ಮನೊಂದಿಗೆ ಮಾತೂ ಆಡಲಿಲ್ಲ.

ಒಂದು ಮಧ್ಯಾಹ್ನ ಯಾರಿಗೋ ಫೋನಿನಲ್ಲಿ ಗದರುತ್ತ ಹೊರಟಿದ್ದ ಅತ್ತೆ ಕಾಲುವೆ ದಂಡೆಯ ಮೇಲೆ ಎಡವಿ ಬಿದ್ದಳು. ತಲೆಗೆ ಪೆಟ್ಟಾಯಿತು. ಕಳೆ ತೆಗೆಯಲು ಹೊರಟಿದ್ದ ಹೆಂಗಸೊಬ್ಬಳು ಅವಳ ಫೋನಿನಲ್ಲಿ 'ತಮ್ಮ' ಎಂಬ ಹೆಸರು ಹುಡುಕಿದಳು. ಎರಡು ನಂಬರು ಕಂಡವು. ಯಾವುದು ಸರಿಯೋ ತಿಳಿಯದೆ ಎರಡಕ್ಕೂ ಕರೆ ಮಾಡಿದಳು. ಇಬ್ಬರೂ ಓಡಿಬಂದರು. ಅಕ್ಕನನ್ನು ನಡುವೆ ಕೂಡಿಸಿಕೊಂಡು ಒಂದೇ ಬೈಕಿನಲ್ಲಿ ಶಹಾಪುರದ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲವಂತೆ.

ನಾನು ಯಾದಗಿರಿಯಿಂದ ಸಂಜೆ ತಲುಪಿದೆ. ಬೆಳಗಿನ ತನಕ ಉಳಿಯುವುದು ಕಷ್ಟ ಎಂದರು ಡಾಕ್ಟರು; ಹಾಗೆಯೇ ಆಯಿತು. ಆದರೆ ನಾನು ಹೋದಾಗ ಅತ್ತೆಗೆ ಎಚ್ಚರವಿತ್ತು. ಅವಳ ಕಾಲುಗಳು ಚಾದರದೊಳಗೆ ಒಂದೇ ಸಮ ಮಿಸುಕಾಡುತ್ತಿದ್ದವು. ರಾತ್ರಿ ರೋಗಿಯ ಜೊತೆ ಒಬ್ಬರೇ ಇರಬೇಕು ಎಂದು ನರ್ಸು ಹೇಳಿದ್ದೇ ತಡ, ಬಾಗಿಲಾಚೆ ಗಲಾಟೆ ಎದ್ದಿತು.

"ನಾ ಇರ್ತೀನಿ, ನೀ ಮನಿಗಿ ನಡಿಯಲೇ!" ಅಪ್ಪನ ದನಿ.

"ನಾ ಯಾಕ ಹೋಗ್ಲಿ? ನಿನಗಷ್ಟ ಅಕ್ಕನೇನು?" ಕಾಕಾನದು.

ಸುಮ್ಮನಿರಿಸಲೆಂದು ಎದ್ದೆ. ಅತ್ತೆ ನನ್ನ ಕೈ ಹಿಡಿದು ಎಳೆದಳು. ಮಿಸುಕಾಡುತ್ತಿದ್ದ ಕಾಲುಗಳು ನಿಂತಿದ್ದವು.

"ಬ್ಯಾಡೋ, ಕೂಡು," ಎಂದಳು. "ಮಾತಾಡಾಕತ್ತಾರ."