ಕುರಿಗಳ ಮುಂದೆ ನಡೆಯುವ ಕುರಿಯಕ್ಕ

"ಹಿಂದೆ ಬರಬೇಡಿ ಸಾರ್, ಪಕ್ಕದಲ್ಲಿ ಬನ್ನಿ. ಹಿಂದೆ ಯಾರಾದ್ರೂ ಇದ್ರೆ, ಓಡಿಸ್ತಾ ಇದಾರೆ ಅನ್ಸುತ್ತೆ ಅವಕ್ಕೆ."

ಬೆಳಗಿನ ಐದೂ ಇಪ್ಪತ್ತಕ್ಕೆ ಹೀಗೆ ಹೇಳಿಸಿಕೊಂಡವನು ಪತ್ರಿಕೆಗೆ ಬರೆಯಲು ಬಂದ ನಾನು. ಹೇಳಿದವರು ಐವತ್ತರ ಆಸುಪಾಸಿನ ಹೆಂಗಸು, ಊರವರ ಬಾಯಲ್ಲಿ ಕುರಿಯಕ್ಕ. ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ತಲೆಗೆ ಗಂಡನ ಹಳೆಯ ಉಣ್ಣೆ ಟೋಪಿ. ದೊಡ್ಡಿಯ ಮರದ ಗೇಟಿನ ಚಿಲಕ ತೆಗೆದವರೇ ತಿರುಗಿಯೂ ನೋಡದೆ ರಸ್ತೆಗಿಳಿಯುತ್ತಾರೆ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ 'ಟ್ರರ್' ಎಂದು ಒಂದು ಸದ್ದು, ಅಷ್ಟೇ. ಹನ್ನೆರಡು ಕುರಿಗಳು ಒಂದರ ಬೆನ್ನಿಗೊಂದು ಮೂತಿ ತಾಗಿಸಿಕೊಂಡು ಹೊರಬರುತ್ತವೆ. ಕೋಲಿಲ್ಲ, ಹಗ್ಗವಿಲ್ಲ, ನಾಯಿಯೂ ಇಲ್ಲ. ನಾನಂತೂ ಬಾಯಿ ಬಿಟ್ಟುಕೊಂಡು ನಿಂತುಬಿಡುತ್ತೇನೆ.

ಕುರಿಗಳು ಹೊರಟಿರುವುದು ಮೇಯಲಿಕ್ಕಲ್ಲ, ಮೂರು ಕಿಲೋಮೀಟರ್ ದೂರದ ಕಸಾಯಿಖಾನೆಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುರಿಯಕ್ಕ ಇದನ್ನು ಯಾರಿಂದಲೂ ಮುಚ್ಚಿಟ್ಟವರಲ್ಲ. ಮುಚ್ಚಿಡಬೇಕು ಎನ್ನುವುದೇ ಈಗ ಊರಿನ ದೊಡ್ಡ ಜಗಳ.

ಇಪ್ಪತ್ತೆರಡು ವರ್ಷಗಳಿಂದ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕುರಿಯಕ್ಕ ಹೀಗೆ ನಡೆದಿದ್ದಾರೆ. ಒಂದು ಗಂಟೆ ಹತ್ತು ನಿಮಿಷದ ದಾರಿ. ನಾಲ್ಕು ಕಡೆ ರಸ್ತೆ ದಾಟಬೇಕು, ಮೂರು ಕಡೆ ನಿಂತು ದಣಿವಾರಿಸಬೇಕು. ಮಂದೆಯಲ್ಲಿ ನೂರೆಂಬತ್ತು ಕುರಿಗಳಿವೆ, ಎಲ್ಲವೂ ಅವರ ಕೈಯಲ್ಲೇ ಹುಟ್ಟಿದವು. ಹೆರಿಗೆ ಕಷ್ಟವಾದಾಗ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಮರಿ ತಿರುಗಿಸುವುದೂ ಅವರೇ. ಗಂಡ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಾರೆ. "ದೀಪ ಹಿಡಿಯೋದೇನು ಸುಲಭದ ಕೆಲಸ ಅಂದ್ಕೊಂಡ್ರಾ? ಸ್ವಲ್ಪ ಅಲ್ಲಾಡಿದ್ರೂ ಬೈಸ್ಕೋಬೇಕು" ಎನ್ನುತ್ತಾರೆ ಆ ಪುಣ್ಯಾತ್ಮ.

ಇಷ್ಟೆಲ್ಲ ಬಲ್ಲವರು ಮದುವೆಯಾಗಿ ಬಂದಾಗ ಏನೂ ಅರಿಯದವರು. "ನಂಗೆ ಕುರಿಗೂ ಮೇಕೆಗೂ ವ್ಯತ್ಯಾಸವೇ ಗೊತ್ತಿರಲಿಲ್ಲ. ಬಾಲ ನೋಡಿ ಹೇಳೇ ಅಂದ್ರು ನಮ್ಮತ್ತೆ. ನಾನು ಗಡ್ಡ ಹುಡುಕ್ತಾ ಕೂತಿದ್ದೆ!" ಎಂದು ನಡೆಯುತ್ತಲೇ ನಗುತ್ತಾರೆ. ಮುಂದೆ ನಡೆಯುವುದನ್ನು ಕಲಿಸಿದ್ದೂ ಅದೇ ಅತ್ತೆ. "ನಿನ್ನ ಎದೆ ಡವಡವ ಅಂದ್ರೆ ಅವುಗಳದ್ದೂ ಅನ್ನುತ್ತೆ. ಅವಸರ ಇದ್ದ ದಿನ ಹೋಗಲೇಬೇಡ ಅಂತಿದ್ರು. ಅವರಿರೋ ತನಕ ನಾನು ಒಂದು ಸಲಾನೂ ಓಡಿದ್ದನ್ನ ಯಾರೂ ನೋಡಿಲ್ಲ."

ಹಾಗಾದರೆ ಜಗಳ ಯಾಕೆ? ಮೂರು ವರ್ಷದ ಹಿಂದೆ ದಾರಿಯಲ್ಲಿ ಆರು ಮಹಡಿಯ ವಸತಿ ಕಟ್ಟಡವೊಂದು ಎದ್ದಿತು. ಬೆಳಗಾಗೆದ್ದು ಬಾಲ್ಕನಿಗೆ ಬಂದರೆ ಸಾಯಲು ಹೊರಟ ಕುರಿಗಳು ಕಾಣುತ್ತವೆ, ಮಕ್ಕಳ ಮನಸ್ಸಿನ ಗತಿಯೇನು ಎಂದು ಅಲ್ಲಿನವರು ಪುರಸಭೆಗೆ ಅರ್ಜಿ ಕೊಟ್ಟರು. ಪ್ರಾಣಿದಯಾ ಸಂಘವೂ ದನಿಗೂಡಿಸಿತು. ಕುರಿಗಳನ್ನು ಇನ್ನು ಮುಂದೆ ಮುಚ್ಚಿದ ವ್ಯಾನಿನಲ್ಲೇ ಸಾಗಿಸಬೇಕು ಎಂಬ ನಿಯಮದ ಕರಡು ಸಿದ್ಧವಾಯಿತು. ಅದರ ಮೇಲೆ ಮತದಾನ ಇವತ್ತೇ, ಮಧ್ಯಾಹ್ನ ಮೂರಕ್ಕೆ.

"ಪ್ರಾಣಿಗಳ ಹಿತಕ್ಕಾಗಿ ಅಂತ ಬರೆದಿದಾರೆ. ಯಾವ ಪ್ರಾಣಿಗಳು? ಮೂರನೇ ಮಹಡಿ ಪ್ರಾಣಿಗಳಾ?" ಎನ್ನುತ್ತಾರೆ ಕುರಿಯಕ್ಕ. ಮಾತು ಮೊನಚು, ಹೆಜ್ಜೆ ಮಾತ್ರ ಅದೇ ನಿಧಾನ. "ಮಾಂಸ ಬೇಕು, ಕುರಿ ಕಣ್ಣಿಗೆ ಬೀಳಬಾರದು. ನಿಯಮ ಬಂತು ಅಂದ್ರೆ ನಾನು ಮಂದೆ ಮಾರಿಬಿಡ್ತೀನಿ. ತಳ್ಳಿ ತುಂಬೋ ಕೆಲಸ ನನ್ನ ಕೈಲಾಗಲ್ಲ. ಆಮೇಲೆ ಇವು ವ್ಯಾಪಾರಿಯ ಲಾರೀಲಿ ಆರು ಗಂಟೆ ದೂರದ ದೊಡ್ಡ ಕಸಾಯಿಖಾನೆಗೆ ಹೋಗ್ತವೆ. ಆಗ ನಿಮ್ಮ ಬಾಲ್ಕನಿಗೆ ಏನೂ ಕಾಣಲ್ಲ, ನೆಮ್ಮದಿಯಾಗಿರಿ."

ನಾನೂ ಮಾಂಸ ತಿನ್ನುವವನು. 'ನಿಮ್ಮ ಬಾಲ್ಕನಿ' ಎಂದಾಗ ನೆಲ ನೋಡುತ್ತೇನೆ.

ಇವತ್ತಿನ ನಡಿಗೆ ಮಾಮೂಲಿಯದಲ್ಲ, ಬೇರೆ ದಿನ ಎರಡೋ ಮೂರೋ ಕುರಿ ಅಷ್ಟೇ. ಎರಡೂ ಕಡೆಯವರ ವಾದ ಬಗೆಹರಿಯದಿದ್ದಾಗ ಊರಿನ ಪಶುವೈದ್ಯರು ಒಂದು ಉಪಾಯ ಹೇಳಿದರು. ಹನ್ನೆರಡು ಕುರಿ ಕಾಲ್ನಡಿಗೆಯಲ್ಲಿ ಬರಲಿ, ಹನ್ನೆರಡು ಪುರಸಭೆಯ ಮುಚ್ಚಿದ ವ್ಯಾನಿನಲ್ಲಿ ಬರಲಿ. ತಲುಪಿದ ಹತ್ತು ನಿಮಿಷಕ್ಕೆ ತಾವೇ ಒಂದೊಂದರ ಉಸಿರೂ ಎಣಿಸುವುದಾಗಿ ಹೇಳಿದರು, ಕುರಿಗಳೇ ಸಾಕ್ಷಿ ಹೇಳಲಿ ಎಂದರು. ಪ್ರಾಣಿದಯಾ ಸಂಘದ ಕಾರ್ಯದರ್ಶಿ, ಮೂವತ್ತು ದಾಟದ ಯುವತಿ, ಕೂಡಲೇ ಒಪ್ಪಿದರಂತೆ. ಒಪ್ಪಿದ್ದಷ್ಟೇ ಅಲ್ಲ, "ನಾನು ವ್ಯಾನಿನ ಹಿಂದೆ, ಅವುಗಳ ಜೊತೆಗೇ ಕೂರ್ತೀನಿ" ಎಂದು ಬೆಳಗಿನ ಐದಕ್ಕೇ ಹಾಜರು. ನಾವು ಹೊರಟಾಗ ಅವರೂ ಕುರಿಯಕ್ಕನ ಗಂಡನೂ ಮೊದಲ ಕುರಿಯನ್ನು ಹಲಗೆ ಹತ್ತಿಸಲು ಏಗುತ್ತಿದ್ದರು.

ಇತ್ತ ನಮ್ಮ ಮೆರವಣಿಗೆ ಊರೊಳಗೆ ಬಂದಾಯಿತು. ಎದುರು ಬಂದ ಲಾರಿಯವನು ಎಂಜಿನ್ ಆರಿಸಿ ಕೈ ಎತ್ತುತ್ತಾನೆ. ಅಂಗಡಿಯ ಗಾಜಿನಲ್ಲಿ ತನ್ನನ್ನೇ ಕಂಡ ಕುರಿಯೊಂದು ಗಕ್ಕನೆ ನಿಲ್ಲುತ್ತದೆ, ಉಳಿದ ಹನ್ನೊಂದೂ ನಿಲ್ಲುತ್ತವೆ. ಕುರಿಯಕ್ಕನೂ ನಿಂತು ಆಕಾಶ ನೋಡುತ್ತಾರೆ. ನನಗೋ ಚಡಪಡಿಕೆ, ವ್ಯಾನು ಗೆದ್ದುಬಿಟ್ಟರೆ! "ಇದೇನು ಪಂದ್ಯವೇ ಸಾರ್?" ಎನ್ನುತ್ತಾರೆ. ಅವರಿಗಲ್ಲದಿರಬಹುದು, ನನಗಂತೂ ಪಂದ್ಯವೇ. ಆರು ಮಹಡಿಯ ಕಟ್ಟಡದ ಕೆಳಗೆ ಬಂದಾಗ ಪುಟ್ಟ ಹುಡುಗಿಯೊಬ್ಬಳು ಬಾಲ್ಕನಿಯಿಂದ "ಹನ್ನೆರಡು!" ಎಂದು ಕೂಗುತ್ತಾಳೆ. ಒಳಗಿಂದ ಯಾರದೋ ಕೈ ಬಂದು ಅವಳನ್ನು ಎಳೆದುಕೊಳ್ಳುತ್ತದೆ.

ಆರೂವರೆಗೆ ಕಸಾಯಿಖಾನೆಯ ಗೇಟು. ವ್ಯಾನು ಆಗಲೇ ಬಂದಿದೆ, ಆದರೆ ಬಂದು ಐದೇ ನಿಮಿಷ. ದಾರಿ ಹತ್ತು ನಿಮಿಷದ್ದಾದರೂ ತುಂಬುವುದಕ್ಕೇ ಐವತ್ತೈದು ನಿಮಿಷ ಹಿಡಿದಿದೆ. ಯುವತಿ ಮೆಟ್ಟಿಲ ಮೇಲೆ ಕೂತಿದ್ದಾರೆ, ಮೊಣಕಾಲಿಗೆಲ್ಲ ಹಿಕ್ಕೆ, ಮುಖ ಬಿಳಿಚಿದೆ. "ಒಳಗೆ ಕತ್ತಲೆ. ಪ್ರತಿ ತಿರುವಿನಲ್ಲೂ ಎಲ್ಲಾ ಸೇರಿ ನನ್ನ ಮೇಲೆ ಬೀಳ್ತಿದ್ವು. ನಾನಾದ್ರೂ ಕಂಬಿ ಹಿಡ್ಕೊಂಡೆ, ಅವು ಏನು ಹಿಡ್ಕೋತಾವೆ?" ಎನ್ನುತ್ತಾರೆ.

ವೈದ್ಯರು ಕೈಗಡಿಯಾರ ನೋಡುತ್ತ ಕುರಿಯ ಪಕ್ಕೆಯ ಮೇಲೆ ಅಂಗೈ ಇಡುತ್ತಾರೆ. ಫಲಿತಾಂಶದ ದಿನ ಶಾಲೆಯ ಬೋರ್ಡಿನ ಮುಂದೆ ನಿಂತವನ ಹಾಗೆ ನಾನು ಉಗುರು ಕಡಿಯುತ್ತಿದ್ದೇನೆ. ನಡೆದು ಬಂದವುಗಳ ಉಸಿರು ನಿಮಿಷಕ್ಕೆ ಸರಾಸರಿ ಮೂವತ್ತು. ವ್ಯಾನಿನಲ್ಲಿ ಬಂದವುಗಳದ್ದು ಎಪ್ಪತ್ತು! ಅವುಗಳಲ್ಲೊಂದು ಹಲಗೆಯ ಮೇಲೆ ಜಾರಿ ಕುಂಟುತ್ತಿದೆ ಕೂಡ. ಖುಷಿ ತಡೆಯಲಾರದೆ ನಾನು ಚಪ್ಪಾಳೆ ತಟ್ಟಿಬಿಡುತ್ತೇನೆ, ಕುರಿಗಳು ಬೆದರುತ್ತವೆ, ಕುರಿಯಕ್ಕ ನನ್ನನ್ನು ದುರುಗುಟ್ಟಿ ನೋಡುತ್ತಾರೆ. ಆದರೂ ಅವರ ಮುಖ ಅರಳಿದೆ. ಗೇಟಿನ ಕೆಲಸಗಾರನಿಗೆ "ತಗೋಪ್ಪ" ಎಂದು ಹೇಳಿ, ಎಂದಿನಂತೆ ಬೆನ್ನು ತಿರುಗಿಸಿ ಹೊರಡುತ್ತಾರೆ.

"ಅಕ್ಕಾ," ಎಂದು ಯುವತಿ ಕರೆಯುತ್ತಾರೆ. "ಇಲ್ಲಿಂದ ಮುಂದೆ ಇವುಗಳ ಜೊತೆ ಯಾರು ನಡೀತಾರೆ?"

ಕುರಿಯಕ್ಕ ತಿರುಗುತ್ತಾರೆ. ಗೇಟಿನಿಂದ ಒಳಬಾಗಿಲಿಗೆ ನಲವತ್ತು ಹೆಜ್ಜೆಯ ಅಂಗಳ. ಅಂಗಳದ ನಡುವೆ ಮೊದಲ ಕುರಿ ನಾಲ್ಕೂ ಕಾಲು ಊರಿ ನಿಂತಿದೆ. ಒಬ್ಬ ಅದರ ಕಿವಿ ಹಿಡಿದು ಜಗ್ಗುತ್ತಿದ್ದಾನೆ, ಇನ್ನೊಬ್ಬ ಹಿಂದಿನಿಂದ ಮೊಣಕಾಲಿನಲ್ಲಿ ನೂಕುತ್ತಿದ್ದಾನೆ. ಮೂರು ಕಿಲೋಮೀಟರ್ ನಿರುಮ್ಮಳವಾಗಿ ನಡೆದು ಬಂದ ಅದೇ ಕುರಿ.

"ದಿನಾ ಹೀಗೇನಾ?" ಎಂದು ಕುರಿಯಕ್ಕ ಕೇಳುತ್ತಾರೆ.

"ಹೂಂ ಮತ್ತೆ, ಇಲ್ಲಿಗೆ ಬಂದ್ರೆ ಒಂದೂ ಹೆಜ್ಜೆ ಕೀಳಲ್ಲ" ಎನ್ನುತ್ತಾನೆ ಕಿವಿ ಹಿಡಿದವನು.

ಇಪ್ಪತ್ತೆರಡು ವರ್ಷದಲ್ಲಿ ಅವರು ಒಮ್ಮೆಯೂ ಈ ಗೇಟು ದಾಟಿರಲಿಲ್ಲ. ನೋಡಲು ಸಂಕಟವೆಂದು ಅತ್ತೆಯೂ ದಾಟುತ್ತಿರಲಿಲ್ಲ, ಇವರೂ ದಾಟಲಿಲ್ಲ. ಅವರ ಮುಖ ಕೆಂಪಾಗುತ್ತದೆ, ಅವಮಾನಕ್ಕೆ. "ಬಿಡ್ರೋ ಅದನ್ನ!" ಎಂದು ಕೂಗಿದವರೇ ಒಳಗೆ ನಡೆಯುತ್ತಾರೆ. ಕುರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದರ ಕಣ್ಣಿನ ಎತ್ತರದಿಂದ ಮುಂದಿನ ನೆಲ ನೋಡುತ್ತಾರೆ. ಅಂಗಳಕ್ಕಡ್ಡವಾಗಿ ಚರಂಡಿ, ಅದರ ಮೇಲೆ ಕಬ್ಬಿಣದ ಜಾಲರಿ, ಕೆಳಗೆ ನೀರು ಫಳಫಳ ಹೊಳೆಯುತ್ತಿದೆ. "ಅಯ್ಯೋ, ಇದಕ್ಕೆ ಹಳ್ಳದ ಥರ ಕಾಣ್ತಿದೆ ಕಣ್ರೋ! ಎರಡು ಗೋಣಿಚೀಲ ಕೊಡಿ."

ಚೀಲ ಹಾಸಿದ್ದಾಯಿತು. ಕುರಿಯಕ್ಕ ಎದ್ದು ಮುಂದೆ ನಿಲ್ಲುತ್ತಾರೆ, ಪಕ್ಕದಲ್ಲಿ ಆ ಯುವತಿ. 'ಟ್ರರ್'. ಮೊದಲನೆಯದು ಚೀಲ ಮೂಸುತ್ತದೆ, ಕಾಲಿಡುತ್ತದೆ, ದಾಟುತ್ತದೆ. ಹಿಂದೆಯೇ ಹನ್ನೊಂದು! ನಾನು ಗೇಟಿನ ಕಂಬಿ ಹಿಡಿದು ಜಿಗಿಯುವುದೊಂದು ಬಾಕಿ. ಎಲ್ಲರೂ ಒಳಬಾಗಿಲಿನಲ್ಲಿ ಮರೆಯಾಗುತ್ತಾರೆ.

ಹೆಂಗಸರಿಬ್ಬರೂ ಹೊರಬಂದಾಗ ಇಬ್ಬರ ಕಣ್ಣೂ ತೇವ. ಕುರಿಯಕ್ಕ ನಲ್ಲಿಯಲ್ಲಿ ಮುಖ ತೊಳೆದು, "ಕೊನೇ ತನಕ ಕರ್ಕೊಂಡು ಬಂದಿದೀನಿ ಅಂತ ಇಷ್ಟು ವರ್ಷ ಬೀಗ್ತಿದ್ದೆ. ನಲವತ್ತು ಹೆಜ್ಜೆ ಬಾಕಿ ಇಟ್ಟಿದ್ದೆ" ಎನ್ನುತ್ತಾರೆ.

ಮಧ್ಯಾಹ್ನ ಪುರಸಭೆಯ ಸಭಾಂಗಣ ಗಿಜಿಗುಡುತ್ತಿದೆ. ವೈದ್ಯರು ಅಂಕಿಗಳನ್ನು ಓದುತ್ತಾರೆ. ಆಮೇಲೆ ಎದ್ದು ನಿಂತ ಯುವತಿ, "ವ್ಯಾನಿನ ಬೇಡಿಕೆಯನ್ನ ನಮ್ಮ ಸಂಘ ವಾಪಸ್ ತಗೊಳ್ತಿದೆ" ಎನ್ನುತ್ತಾರೆ. "ಕುರಿ ಕೊಲ್ಲೋದನ್ನ ನಾನು ಒಪ್ಪಲ್ಲ, ನಾಳೆನೂ ಒಪ್ಪಲ್ಲ. ಆದ್ರೆ ನಮ್ಮ ಕಣ್ಣಿಗೆ ಹಿತವಾಗಲಿ ಅಂತ ಅವನ್ನ ಕತ್ತಲೆಗೆ ತಳ್ಳೋದು ದಯೆ ಅಲ್ಲ. ನನ್ನ ಬೇಡಿಕೆ ಒಂದೇ. ಕರ್ಕೊಂಡು ಬಂದೋರು ಒಳಬಾಗಿಲ ತನಕ ಜೊತೆಗಿರಬೇಕು."

ಮತ ಎಣಿಸುತ್ತಾರೆ. ಕಾಲ್ನಡಿಗೆಗೆ ಏಳು, ವ್ಯಾನಿಗೆ ನಾಲ್ಕು. ಯುವತಿ ಕೇಳಿದ ಷರತ್ತೂ ಸೇರಿತು. ನಾನು ಈ ಸಲ ಧೈರ್ಯವಾಗಿ ಚಪ್ಪಾಳೆ ತಟ್ಟುತ್ತೇನೆ, ಬೆದರಲು ಇಲ್ಲಿ ಕುರಿಗಳಿಲ್ಲ. ಕುರಿಯಕ್ಕನ ಗಂಡ ಹೆಂಡತಿಯ ಬೆನ್ನಿಗೆ ಎಷ್ಟು ಜೋರಾಗಿ ಗುದ್ದುತ್ತಾರೆಂದರೆ, ಅವರು ಮುಗ್ಗರಿಸಿ ಮುಂದಿನ ಕುರ್ಚಿ ಹಿಡಿಯುತ್ತಾರೆ.

ಹೊರಗೆ ಮೆಟ್ಟಿಲ ಮೇಲೆ ಕೇಳುತ್ತೇನೆ, ಇನ್ನೇನಾದರೂ ಆಸೆ ಉಳಿದಿದೆಯೇ?

"ಒಂದಿದೆ ಸಾರ್. ಆ ಸಂಘದ ಹುಡುಗಿ ಮಾಂಸ ಮುಟ್ಟಲ್ಲ. ಆದ್ರೂ ಕೊನೇವರೆಗೂ ನನ್ನ ಜೊತೆ ಬಂದ್ಲು. ತಿನ್ನೋರು ಇಷ್ಟು ಜನ ಇದೀರಲ್ಲ, ನಿಮ್ಮಲ್ಲಿ ಒಬ್ಬರಾದ್ರೂ ಒಂದು ದಿನ ಬರಬೇಕು."

"ನಾನು ಬಂದೆನಲ್ಲಾ?" ಎನ್ನುತ್ತೇನೆ, ಕೊಂಚ ಜಂಬದಿಂದಲೇ.

ಕುರಿಯಕ್ಕ ನನ್ನನ್ನು ನೋಡಿ ನಗುತ್ತಾರೆ. ಬೈಗುಳವಿಲ್ಲದ ನಗು.

"ನೀವು ಗೇಟಲ್ಲೇ ನಿಂತ್ಬಿಟ್ರಿ ಸಾರ್. ಶುಕ್ರವಾರ ಮತ್ತೆ ಹೋಗ್ತೀನಿ. ಒಳಗೆ ಬನ್ನಿ."