ಬಿದ್ದರೆ ಎತ್ತುವಂಥ ಬಟ್ಟೆ

ನಮ್ಮ ಪಕ್ಕದ ಮನೆಯ ಟೈಲರಕ್ಕ ಒಂದು ಕಟ್ಟು ಸೊಪ್ಪು ತರಲು ಹೊರಟರೂ ಮದುವೆಗೆ ಹೊರಟವರಂತೆ ಕಾಣುತ್ತಿದ್ದರು. ಗರಿಗರಿ ಇಸ್ತ್ರಿಯ ಬಟ್ಟೆ, ಕೊರಳಲ್ಲಿ ಮುತ್ತಿನ ಸರ, ಕೈಗೆ ಗಡಿಯಾರ. ಮುತ್ತು ಪ್ಲಾಸ್ಟಿಕ್ಕಿನದು, ಗಡಿಯಾರ ನಿಂತು ಯಾವ ಕಾಲವಾಯಿತೋ. ಬೀದಿಯವರು ಅವರಿಗೆ ‘ಮದುಮಗಳು’ ಎಂದು ಹೆಸರಿಟ್ಟಿದ್ದರು. ಐವತ್ತು ದಾಟಿದ ಒಂಟಿ ಹೆಂಗಸಿಗೆ ಇಂಥ ಹೆಸರಿಡುವವರ ಬಾಯಿಗಿಷ್ಟು ಮಣ್ಣು ಬೀಳಲಿ.

ಅಕ್ಕನಿಗೆ ಮೂರ್ಛೆ ರೋಗವಿತ್ತು. ಗಂಡ ತೀರಿಹೋದ ಮೇಲೆ ಬಟ್ಟೆ ಬಿಗಿ ಮಾಡಿಕೊಡುವುದು, ಜಿಪ್ ಬದಲಿಸುವುದು, ಇಷ್ಟೇ ಬದುಕು. ಒಂದು ದಿನ ಮನೆಯಲ್ಲಿ ತೊಡುವ ಮಾಸಿದ ಬಟ್ಟೆಯಲ್ಲೇ ದಾರ ತರಲು ಹೋದವರು ಮಾರುಕಟ್ಟೆಯ ಎದುರು ಬಿದ್ದರು. ಸುತ್ತ ಜನವೋ ಜನ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರಂತೆ. ಎಚ್ಚರವಾಗುವಾಗ ಅಕ್ಕನ ಕಿವಿಗೆ ಬಿದ್ದ ಮೊದಲ ಮಾತು, “ಕುಡಿದಿರ್ಬೇಕು, ಮುಟ್ಬೇಡಿ.” ತುಟಿಯ ರಕ್ತ ಒರೆಸಿಕೊಂಡು ತಾವೇ ಎದ್ದು ಮನೆಗೆ ಬಂದರು.

ಅಂದಿನಿಂದ ಈ ಶೃಂಗಾರ. “ರೋಗ ನನ್ನ ಕೈಲಿಲ್ಲ ಕಣೇ, ಬಟ್ಟೆ ನನ್ನ ಕೈಲಿದೆ. ಬಿದ್ರೆ ನಾಲ್ಕು ಜನ ಎತ್ತೋ ಹಾಗಿರ್ಬೇಕು,” ಎನ್ನುತ್ತಿದ್ದರು.

“ನಾನು ಜೊತೆಗೆ ಬರ್ತೀನಕ್ಕ.”

“ನಿನಗೆ ನಿನ್ನ ಸಂಸಾರನೇ ಹಾಸಿ ಹೊದೆಯೋಷ್ಟಿದೆ, ಸುಮ್ನಿರು.”

ಅವರ ಮನೆಗೆ ಬರುವವರೆಲ್ಲ ಬಟ್ಟೆ ಕೊಟ್ಟು ಹೋಗುವವರು, ಬಟ್ಟೆ ಒಯ್ಯುವವರು. ಅಳತೆಗೆಂದು ಅಕ್ಕ ಊರವರ ಭುಜ, ಸೊಂಟ ಮುಟ್ಟುತ್ತಿದ್ದರು. ಅಕ್ಕನನ್ನು ಮುಟ್ಟುವವರು ಯಾರೂ ಇರಲಿಲ್ಲ. ಸಂಜೆ ಹೊಲಿಗೆ ಯಂತ್ರದ ಸದ್ದು ನಿಂತಿತೆಂದರೆ ಆ ಮನೆಯಲ್ಲಿ ಒಂದು ಕೆಮ್ಮೂ ಕೇಳಿಸುತ್ತಿರಲಿಲ್ಲ.

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಮತ್ತೆ ಬಿದ್ದರು. ಈ ಸಲ ಅವರ ಲೆಕ್ಕ ತಪ್ಪಲಿಲ್ಲ. “ಪಾಪ, ಯಾರೋ ಒಳ್ಳೆ ಮನೆಯವರು,” ಎನ್ನುತ್ತ ಒಬ್ಬಳು ಹುಡುಗಿ ನೆಲದ ಮೇಲೇ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳಂತೆ. ಅವಳು ಕೂತದ್ದೇ ತಡ, ಒಬ್ಬರು ನೀರು ತಂದರು, ಇನ್ನೊಬ್ಬರು ಗಾಳಿ ಬೀಸಿದರು, ಮತ್ತೊಬ್ಬರು ಅಕ್ಕನ ಫೋನಿನಿಂದ ನನಗೆ ಸುದ್ದಿ ಮುಟ್ಟಿಸಿದರು. ಮೊದಲು ಯಾರಾದರೊಬ್ಬರು ಬಗ್ಗುವವರೆಗೆ ಉಳಿದವರ ಸೊಂಟವೂ ಬಗ್ಗುವುದಿಲ್ಲ.

ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅಕ್ಕ ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ಹುಡುಗಿ ಅವರ ಹಣೆಯ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸವರುತ್ತಿದ್ದಳು. ನಾನು ಹೆಗಲು ಹಿಡಿದು ಅಲ್ಲಾಡಿಸಿದ ಮೇಲೆ ಅಕ್ಕ ಕಣ್ಣು ತೆರೆದರು. ಅಷ್ಟರಲ್ಲಿ ಬಸ್ಸು ಬಂತು, ಹುಡುಗಿ ಹೊರಟುಹೋದಳು.

ಮನೆಗೆ ಬರುವ ದಾರಿಯಲ್ಲಿ ನಾನು ರೇಗಿದೆ. “ನನ್ನ ಜೀವವೇ ಹೋಗಿತ್ತು. ಯಾವತ್ತೂ ಇಷ್ಟು ಹೊತ್ತು ಎಚ್ಚರ ತಪ್ಪಿದ್ದಿಲ್ಲ ನೀವು.”

“ಎಚ್ಚರ ಆಗಲೇ ಆಗಿತ್ತು ಕಣೇ.”

“ಮತ್ತೆ?”

ಅಕ್ಕ ಹಣೆಯ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸವರಿಕೊಂಡರು.

“ಕಣ್ಣು ಬಿಟ್ಟಿದ್ರೆ ಅವಳು ಕೈ ತೆಗೀತಿದ್ಲು,” ಅಂದರು.