ಕಾಂಪೌಂಡಿನ ಆಚೆಯ ಮಣ್ಣು

ಮೊನ್ನೆ ಹಳೆಯ ಪೆಟ್ಟಿಗೆಯೊಂದನ್ನು ಖಾಲಿ ಮಾಡುವಾಗ ತಳದಲ್ಲಿ ಗಾಜಿನ ಜಾಡಿ ಸಿಕ್ಕಿತು. ಮುಚ್ಚಳ ತಿರುಗಿಸಿದೆ. ಇಷ್ಟು ವರ್ಷಗಳಾದರೂ ಡೀಸೆಲ್ ವಾಸನೆ ಹೋಗಿರಲಿಲ್ಲ... ಒಳಗೆ ಒಣಗಿದ ಕಪ್ಪು ಮಣ್ಣು. ಹೊರಗೆ ನನ್ನದೇ ಅಕ್ಷರದ ಚೀಟಿ: 'ಟೀಚರ್ ಮನೆ'.

ಆಗ ನಾನು ಎಂ.ಎಸ್ಸಿ. ಮುಗಿಸಿ, ಮಣ್ಣು ಪರೀಕ್ಷೆ ಮಾಡುವ ಸಣ್ಣ ಕಂಪನಿಯೊಂದಕ್ಕೆ ಸೇರಿದ್ದೆ. ಚಾಮರಾಜಪುರಂನಲ್ಲಿ ಮುಚ್ಚಿಹೋಗಿದ್ದ ಬಸ್ ಶೆಡ್ಡೊಂದು ಮಾರಾಟಕ್ಕಿತ್ತು. ನೆಲದೊಳಗಿದ್ದ ಡೀಸೆಲ್ ಟ್ಯಾಂಕನ್ನು ಮಾಲೀಕರು ಹಿಂದಿನ ವರ್ಷವೇ ತೆಗೆಸಿ, ಹೊರಗಿನಿಂದ ಮಣ್ಣು ತರಿಸಿ ಗುಂಡಿ ಮುಚ್ಚಿಸಿದ್ದರು. ಟ್ಯಾಂಕ್ ಸೋರಿ ಮಣ್ಣು ಕೆಟ್ಟಿದೆಯೇ ಎಂದು ನೋಡುವುದು ನಮ್ಮ ಕೆಲಸ. ಎರಡು ದಿನ ಕೊರೆದೆವು. ಬಂಡೆ ಸಿಗುವವರೆಗೂ ಹೊಸ ಕೆಂಪು ಮಣ್ಣು, ವಾಸನೆಯೇ ಇಲ್ಲ.

ಪಕ್ಕದ ಮನೆಯ ನಿವೃತ್ತ ಟೀಚರ್ ಗೋಡೆಯಾಚೆಯಿಂದ ನಮ್ಮನ್ನೇ ನೋಡುತ್ತಿದ್ದರು. ಒಬ್ಬರೇ ಇದ್ದರು, ಬಾಗಿಲ ಮೇಲೆ ಶಿಲುಬೆ, ಹಿತ್ತಿಲಲ್ಲಿ ಬಾವಿ. ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಕರೆದರು.

"ಅಷ್ಟೊಂದು ಓದಿದೀರ, ಖಾಲಿ ಗುಂಡೀಲಿ ಹುಡುಕ್ತಾ ಕೂತಿದೀರಲ್ಲಪ್ಪ. ಆ ಮಣ್ಣು ನನ್ನತ್ರ ಇದೆ."

ಟ್ಯಾಂಕ್ ತೆಗೆದಾಗ ಹೊರಬಂದ ಮಣ್ಣನ್ನು ಟ್ರ್ಯಾಕ್ಟರಿನವನು ಸಾಗಿಸುತ್ತಿದ್ದನಂತೆ. ಕಪ್ಪಗಿದೆ, ಸಾರ ಇರುತ್ತದೆ ಎಂದುಕೊಂಡು ಟೀಚರ್ ತಾವೇ ಅವನನ್ನು ನಿಲ್ಲಿಸಿ ಬಾವಿಯ ಸುತ್ತಲಿನ ತಗ್ಗಿಗೆ ಹಾಕಿಸಿಕೊಂಡಿದ್ದರು. ಅದರಲ್ಲಿ ಮಲ್ಲಿಗೆ ನೆಟ್ಟು ಭಾನುವಾರ ಚರ್ಚಿಗೆ ಹೂವು ಒಯ್ಯುವ ಆಸೆ. ವಾಸನೆ ಬಿಸಿಲಿಗೆ ಹೋಗುತ್ತದೆಂದು ನಂಬಿದ್ದರು. ಗಿಡಗಳು ಸುಟ್ಟಂತಾದವು. ಮೊದಲ ಮಳೆಯ ನಂತರ ಬಾವಿಯಿಂದ ಸೇದಿದ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಂಡಿತಂತೆ.

"ನಾನೇ ಕೇಳಿ ಹಾಕಿಸ್ಕೊಂಡಿದ್ದು, ಯಾರನ್ನ ಬೈಲಿ? ಈ ನೀರು ಕುಡೀಬೋದಾ, ಅದೊಂದು ಹೇಳ್ಬುಡಿ ಸಾಕು."

ರಿಪೋರ್ಟ್ ಬರಲಿ ಎಂದೆ. ಅಲ್ಲಿಂದ ಒಂದು ಜಾಡಿ ಮಣ್ಣು ತುಂಬಿಕೊಂಡೆ. ನಮ್ಮ ಹಿರಿಯ ಎಂಜಿನಿಯರ್ ಚೀಟಿ ಓದಿ ಜಾಡಿಯನ್ನು ನನ್ನ ಕೈಗೇ ವಾಪಸು ಇಟ್ಟರು.

"ಕಾಂಪೌಂಡ್ ಒಳಗಿಂದು ಮಾತ್ರ ಕಣ್ರೀ ನಮ್ದು."

ಜಾಡಿಯನ್ನು ಚೀಲಕ್ಕೆ ಹಾಕಿಕೊಂಡೆ. ಎದುರು ಮಾತಾಡಿದೆನೇ? ಆಡಿದ್ದೆ ಎಂದು ಅನ್ನಿಸುತ್ತದೆ... ಗೊತ್ತಿಲ್ಲ. ಶೆಡ್ಡಿನ ಮಣ್ಣು ಶುದ್ಧವಾಗಿದೆ ಎಂದು ರಿಪೋರ್ಟ್ ಬಂತು. ಉಳಿದ ಸಾಮಾನು ತರಲು ಹೋದ ದಿನ ಟೀಚರ್ ಗೇಟಿನ ಬಳಿಯೇ ಕಾದಿದ್ದರು. ಮಾಲೀಕರು ಅವರಿಗೆ ಆಗಲೇ ಹೇಳಿದ್ದರು. "ಎಲ್ಲಾ ಚೆನ್ನಾಗಿದೆಯಂತಲ್ಲಪ್ಪ," ಎಂದು ನಕ್ಕರು. ಎಷ್ಟು ಹಗುರಾದ ನಗು ಅದು.

ಅದು ಶೆಡ್ಡಿನ ರಿಪೋರ್ಟು, ನಿಮ್ಮ ಬಾವಿಯದಲ್ಲ, ಆ ನೀರು ಕುಡಿಯಬೇಡಿ ಎಂದು ನಾನು ಹೇಳಿದೆ. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ಅವರ ಮುಖ ಸಣ್ಣಗಾದದ್ದೂ ಕಣ್ಣಿಗೆ ಕಟ್ಟಿದಂತಿದೆ.

ನಿನ್ನೆ ಆ ಬೀದಿಗೆ ಹೋಗಿದ್ದೆ. ಶೆಡ್ಡೂ ಇಲ್ಲ, ಮನೆಯೂ ಇಲ್ಲ; ಬಾವಿಯ ಜಾಗದಲ್ಲಿ ಕಾರುಗಳು ನಿಂತಿವೆ. ಟೀಚರ್ ತೀರಿಕೊಂಡು ಬಹಳ ವರ್ಷವಾಯಿತು ಎಂದು ಎದುರಿನ ಇಸ್ತ್ರಿ ಅಂಗಡಿಯವರು ಹೇಳಿದರು. ಏನಾಗಿತ್ತು ಎಂದು ಕೇಳದೆಯೇ ಹೊರಟುಬಂದೆ.

ಮನೆಗೆ ಬಂದು ಆ ವರ್ಷದ ಡೈರಿ ಹುಡುಕಿದೆ. ಆ ದಿನದ ಪುಟದಲ್ಲಿ ಎರಡೇ ಸಾಲು: 'ಶೆಡ್ಡಿನ ಸಾಮಾನು ತಂದಾಯಿತು. ಟೀಚರ್ ಬಾವಿಯಿಂದ ನೀರು ಸೇದಿ ಕಾಫಿ ಮಾಡಿಕೊಟ್ಟರು, ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಲೋಟ ಹಾಗೇ ಇಟ್ಟುಬಂದೆ.'

ಅವರಿಗೆ ಏನು ಹೇಳಿದೆನೆಂದು ಬರೆದಿಲ್ಲ.